ಕೊಳೆ ಔಷಧಿ ಕಲಸುವಾಗ ಕಬ್ಬಿಣದ ಡ್ರಮ್ ಬೇಡ

ಮಳೆ ಹತ್ತಿರ ಬಂತು. ನಮ್ಮ ತೀರ್ಥಹಳ್ಳಿ, ಹೊಸನಗರ ಕಡೆ ಅಡಿಕೆ ತೋಟ ಇರುವವರಿಗೆ ಬೋರ್ಡೋ, ಅಂದರೆ ಕಾಯಿಗೆ ಕೊಳೆರೋಗ ಬಾರದಂತೆ ಹೊಡೆಯುವ ಮೈಲುತುತ್ತ-ಸುಣ್ಣದ ದ್ರಾವಣದ ಬಗ್ಗೆ ಒಂದು ಮಾತು.

ಹೋದ ವರ್ಷ ಪ್ಲಾಸ್ಟಿಕ್ ಡ್ರಮ್ ಸಿಗಲಿಲ್ಲ ಅಂತ ಹಳೇ ಕಬ್ಬಿಣದ ಡ್ರಮ್‌ನಲ್ಲೇ ಮೈಲುತುತ್ತ (ಕಾಪರ್ ಸಲ್ಫೇಟ್) ನೆನೆಹಾಕಿದೆ. ಬೆಳಿಗ್ಗೆ ನೋಡಿದರೆ ಒಳಗೆಲ್ಲ ಕೆಂಪು ಪದರ! ಮೈಲುತುತ್ತದಲ್ಲಿ ಸುಮಾರು ಕಾಲು ಭಾಗ ತಾಮ್ರ ಇರುತ್ತದೆ. ಕಬ್ಬಿಣ ಸಿಕ್ಕರೆ ಕಬ್ಬಿಣ ನೀರಿಗೆ ಕರಗುತ್ತದೆ, ತಾಮ್ರ ಅದರ ಮೇಲೆ ಕೂರುತ್ತದೆ. ಕೊಳೆ ತಡೆಯಬೇಕಾದ ತಾಮ್ರ ಡ್ರಮ್ಮಿಗೇ ಹೋಯಿತು. ದುಡ್ಡೂ ದಂಡ.

ಅಳತೆ ಎಲ್ಲರಿಗೂ ಗೊತ್ತು: 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಎರಡನ್ನೂ ಐವತ್ತೈವತ್ತು ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತಾ ಕೋಲಿನಿಂದ ಕಲಕಿ. ಉಲ್ಟಾ ಮಾಡಬೇಡಿ. ಸುಣ್ಣ ಹಳೆಯದಾದರೆ ಶಕ್ತಿ ಕಡಿಮೆ, ಅಲ್ವಾ? ಅದಕ್ಕೇ ಪರೀಕ್ಷೆ ಬೇಕು.

ಆ ಕೆಂಪು ಪದರವೇ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಕೆಂಪಾದರೆ ಸುಣ್ಣ ಸಾಲದು ಅಂತ ಅರ್ಥ; ಇನ್ನಷ್ಟು ಸುಣ್ಣದ ನೀರು ಹಾಕಿ, ಮತ್ತೆ ನೋಡಿ. ಹಾಗೇ ಹೊಡೆದರೆ ಎಳೇ ಕಾಯಿ, ಸೋಗೆ ಸುಟ್ಟಂತಾಗಬಹುದು. ಸ್ಟೀಲ್ ಚಾಕು ಬೇಡ, ಅದು ಕೆಂಪಾಗದೆ ಸುಮ್ನೆ ಮೋಸ ಮಾಡುತ್ತದೆ.

ಕಲಸಿದ್ದನ್ನು ಅವತ್ತೇ ಹೊಡೆದು ಮುಗಿಸಿ. ಕೈಗವಸು ಮರೆಯಬೇಡಿ, ಡ್ರಮ್ ತೊಳೆದ ನೀರು ಹಳ್ಳಕ್ಕೆ ಬಿಡಬೇಡಿ. ಮೀನಿಗೆ ತಾಮ್ರ ವಿಷ.