ಅರ್ಧ ಕೆ.ಜಿ. ಮಟನ್ ಮೈಗೂ ಮಿದುಳಿಗೂ ದಕ್ಕಬೇಕೆಂದರೆ

ಮಟನ್ ತಿಂದರೆ ಶಕ್ತಿ ಬರುತ್ತದೆ ಎನ್ನುವುದು ಸುಳ್ಳಲ್ಲ. ಆದರೆ ಆ ಶಕ್ತಿಯನ್ನು ನಾವು ಹುಡುಕುವ ಜಾಗವೇ ಬೇರೆ, ಅದು ಇರುವ ಜಾಗವೇ ಬೇರೆ. ಗಂಟೆಗಟ್ಟಲೆ ಕುದಿಸಿದ ಕಾಲು ಸೂಪಿನಲ್ಲಿ ರುಚಿ ಇದೆ, ಜೆಲಟಿನ್ ಇದೆ. ಕಬ್ಬಿಣ, ಕ್ಯಾಲ್ಸಿಯಂ ಹೇಳಿಕೊಳ್ಳುವಷ್ಟಿಲ್ಲ. ಭೇಜಾ ಫ್ರೈ ತಿಂದರೆ ಬುದ್ಧಿ ಚುರುಕಾಗುತ್ತದೆ ಎನ್ನುವವರಿದ್ದಾರೆ. 100 ಗ್ರಾಂ ಕುರಿಯ ಮಿದುಳಿನಲ್ಲಿ 1,300 ಮಿ.ಗ್ರಾಂ.ಗೂ ಹೆಚ್ಚು ಕೊಲೆಸ್ಟ್ರಾಲ್ ಇರುತ್ತದೆ ಎನ್ನುವುದನ್ನೂ ಅವರಿಗೆ ಹೇಳಬೇಕು. ನಮ್ಮ ಮಿದುಳಿಗೆ ಬೇಕಾದ ಕಬ್ಬಿಣ, ಸತು, ಬಿ12 ಸಿಗುವುದು ಕೆಂಪಗಿರುವ ಖಂಡದಲ್ಲಿ ಮತ್ತು ಲಿವರ್‌ನಲ್ಲಿ.

ಮಿದುಳಿಗೆ ಆಮ್ಲಜನಕ ಒಯ್ಯುವುದಕ್ಕೂ ಡೋಪಮೈನ್‌ನಂಥ ರಾಸಾಯನಿಕ ತಯಾರಾಗುವುದಕ್ಕೂ ಕಬ್ಬಿಣ ಬೇಕು. ನರಗಳ ಮೇಲಿನ ಮಯಲಿನ್ ಹೊದಿಕೆ ಉಳಿಯಲು ಬಿ12 ಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಮನೆಯಲ್ಲಿ ಮಟನ್ ಬೇಯುತ್ತಿದ್ದರೂ ಹೆಂಗಸರ ತಟ್ಟೆಗೆ ಕೊನೆಯಲ್ಲಿ ಬೀಳುವುದು ಮೂಳೆ ಮತ್ತು ರಸ.

ಅಂಗಡಿಯಲ್ಲಿ

ನಾಲ್ಕು ಜನರ ಒಂದು ಊಟಕ್ಕೆ ಮೂಳೆಸಮೇತ 600 ಗ್ರಾಂ ಮಟನ್, ಜೊತೆಗೆ 100 ಗ್ರಾಂ ಲಿವರ್ ಸಾಕು. ಮೂಳೆ ಕಳೆದು, ಬೆಂದು ಕುಗ್ಗಿದ ಮೇಲೆ ತಲಾ 75 ಗ್ರಾಂ ಆಸುಪಾಸು ಮಾಂಸ ಸಿಗುತ್ತದೆ. ಅದರಲ್ಲಿ ಸುಮಾರು 20 ಗ್ರಾಂ ಪ್ರೋಟೀನ್, 3 ಮಿ.ಗ್ರಾಂ ಕಬ್ಬಿಣ, 4 ಮಿ.ಗ್ರಾಂ ಸತು, ದಿನಕ್ಕೆ ಬೇಕಾದ 2.2 ಮೈಕ್ರೋಗ್ರಾಂ ಬಿ12ರಲ್ಲಿ ಅರ್ಧದಷ್ಟು ಇರುತ್ತದೆ. ಲಿವರ್‌ನಲ್ಲಿ ಬಿ12 ಎಷ್ಟಿದೆಯೆಂದರೆ 25 ಗ್ರಾಂ ತಿಂದರೂ ಹಲವು ದಿನಗಳ ಲೆಕ್ಕ ಚುಕ್ತಾ.

ತೊಡೆ ಅಥವಾ ಭುಜದ ಭಾಗ ಕೇಳಿ. ಪಕ್ಕೆಯಲ್ಲಿ ಮೂಳೆ, ಕೊಬ್ಬು ಜಾಸ್ತಿ. ಎಳೆ ಮರಿಯ ಮಾಂಸ ಮೆದು, ಬಣ್ಣ ತಿಳಿ. ಬಲಿತದ್ದರ ಬಣ್ಣ ಗಾಢ. ಆ ಕೆಂಪು ಬರುವುದು ಮಯೋಗ್ಲೋಬಿನ್ ಎಂಬ ಸ್ನಾಯುವಿನ ಪ್ರೋಟೀನ್‌ನಿಂದ, ಕಬ್ಬಿಣದ ದೊಡ್ಡ ಪಾಲು ಕೂತಿರುವುದೂ ಅದರಲ್ಲೇ. ಹಾಗಾಗಿ ಸ್ವಲ್ಪ ಗಾಢ ಬಣ್ಣದ ಮಾಂಸ ಕೊಟ್ಟರೆ ಮುಖ ಸಿಂಡರಿಸಬೇಕಿಲ್ಲ, ಎರಡು ವಿಷಲ್ ಹೆಚ್ಚು ಕೂಗಿಸಿದರಾಯಿತು. ಬೆರಳಿನಿಂದ ಒತ್ತಿದಾಗ ಗುಳಿ ಹಾಗೇ ಉಳಿದರೆ, ಅಂಟಂಟಾಗಿದ್ದರೆ ಬೇಡ.

ತೊಳೆಯುವಾಗ, ಬೇಯಿಸುವಾಗ

ಹೆಚ್ಚು ನಷ್ಟವಾಗುವುದು ಇಲ್ಲೇ. ಸಣ್ಣ ತುಂಡು ಮಾಡಿ, ನೀರು ತಿಳಿಯಾಗುವವರೆಗೆ ಐದಾರು ಸಲ ಹಿಂಡಿ ತೊಳೆದರೆ ಕೆಂಪು ನೀರಿನ ಜೊತೆ ಮಯೋಗ್ಲೋಬಿನ್ನೂ ಬಿ ಜೀವಸತ್ವಗಳೂ ಸಿಂಕಿಗೆ ಹೋಗುತ್ತವೆ. ಒಂದೆರಡು ಸಲ ಬೇಗ ತೊಳೆದು ನೀರು ಬಸಿಯಿರಿ, ನೆನೆಹಾಕಬೇಡಿ. ಕೆಲವರು ಒಂದು ಕುದಿ ಬರಿಸಿ ಆ ನೀರನ್ನು ಚೆಲ್ಲುತ್ತಾರೆ, ಅದೂ ಬೇಡ.

ಅರಿಶಿನ, ಉಪ್ಪು ಹಾಕಿ ಐದು ನಿಮಿಷ ಬಾಡಿಸಿ, 600 ಗ್ರಾಂಗೆ ಒಂದೂವರೆ ಲೋಟ ನೀರು ಸಾಕು. ಮೊದಲ ವಿಷಲ್ ಬಂದ ಮೇಲೆ ಸಣ್ಣ ಉರಿಯಲ್ಲಿ 15-20 ನಿಮಿಷ, ಬಲಿತದ್ದಾದರೆ 25. ಬೇಯಿಸಿದ ನೀರು ಸಾರಿಗೇ ಹೋಗಲಿ. ಕೊಬ್ಬು ಹೆಚ್ಚೆನಿಸಿದರೆ ಮಸಾಲೆ ಸೇರಿಸುವ ಮೊದಲು ರಸವನ್ನು ಫ್ರಿಜ್‌ನಲ್ಲಿಡಿ. ಮೇಲೆ ಬಿಳಿ ಪದರ ಕಟ್ಟುತ್ತದೆ, ಚಮಚದಲ್ಲಿ ತೆಗೆದುಬಿಡಿ. ಬನ್ನೂರು ಕುರಿಯ ಮಾಂಸಕ್ಕೆ ಆ ರುಚಿ ಬರುವುದು ಕೊಬ್ಬಿನಿಂದಲೇ ಆದ್ದರಿಂದ ಪೂರ್ತಿ ತೆಗೆಯಿರಿ ಎಂದು ಹೇಳುವ ಧೈರ್ಯ ನಮಗಿಲ್ಲ.

ಲಿವರ್ ಕುಕ್ಕರಿಗೆ ಹಾಕಬೇಡಿ, ರಬ್ಬರಾಗುತ್ತದೆ. ಅರ್ಧ ಇಂಚಿನ ತುಂಡು ಮಾಡಿ ಬಾಣಲೆಯಲ್ಲಿ 6-7 ನಿಮಿಷ ಹುರಿಯಿರಿ. ಒಳಗೆ ಕೆಂಪು ಉಳಿಯಬಾರದು. ಉಪ್ಪು, ಮೆಣಸಿನಪುಡಿ ಕೊನೆಯಲ್ಲಿ.

ತಟ್ಟೆಯಲ್ಲಿ

ಮಾಂಸದ ಕಬ್ಬಿಣದಲ್ಲಿ ಅರ್ಧದಷ್ಟು ಹೀಮ್ ರೂಪದ್ದು, ಅಂದರೆ ಮೈ ಸುಲಭವಾಗಿ ಹೀರಿಕೊಳ್ಳುವಂಥದ್ದು. ಅದರಲ್ಲಿ ಶೇ 15ರಿಂದ 35ರಷ್ಟು ರಕ್ತಕ್ಕೆ ಸೇರುತ್ತದೆ. ರಾಗಿ, ಸೊಪ್ಪು, ಕಾಳುಗಳ ಕಬ್ಬಿಣ ಸಾಮಾನ್ಯವಾಗಿ ಶೇ 10ನ್ನೂ ಮುಟ್ಟುವುದಿಲ್ಲ, ಅವುಗಳಲ್ಲೇ ಇರುವ ಫೈಟೇಟ್ ಮತ್ತು ಟ್ಯಾನಿನ್ ಎಂಬ ರಾಸಾಯನಿಕಗಳು ಅದನ್ನು ಹಿಡಿದಿಡುತ್ತವೆ. ಮಾಂಸದ ವಿಶೇಷ ಏನೆಂದರೆ, ಜೊತೆಯಲ್ಲಿ ತಿಂದ ಸೊಪ್ಪು-ಕಾಳಿನ ಕಬ್ಬಿಣ ಹೀರಿಕೆಯನ್ನೂ ಅದು ಹೆಚ್ಚಿಸುತ್ತದೆ. ಹಾಗಾಗಿ ಒಂದೇ ಭಾನುವಾರ ಗಡದ್ದಾಗಿ ಉಣ್ಣುವುದಕ್ಕಿಂತ ಅಷ್ಟೇ ಮಟನ್ ಎರಡು ದಿನಕ್ಕೆ ಹಂಚಿ, ಅವರೆಕಾಳು ಅಥವಾ ಮೆಂತ್ಯಸೊಪ್ಪಿನ ಜೊತೆ ಮಾಡುವುದು ಜಾಣತನ. ಮುದ್ದೆ ಬಿಡಬೇಕಿಲ್ಲ. ಆದರೆ ನಿಂಬೆಹಣ್ಣನ್ನು ಒಲೆಯ ಮೇಲೆ ಹಿಂಡಬೇಡಿ, ತಟ್ಟೆಯ ಮೇಲೆ ಹಿಂಡಿ. ಕಬ್ಬಿಣ ಹೀರಿಕೆಗೆ ನೆರವಾಗುವ ಅದರ ವಿಟಮಿನ್ ಸಿ ಕುದಿಸಿದರೆ ಕಡಿಮೆಯಾಗುತ್ತದೆ. ಹಸಿ ಈರುಳ್ಳಿ, ಟೊಮೆಟೊ ಇರಲಿ. ಟೀ, ಕಾಫಿ ಕಬ್ಬಿಣ ಹೀರಿಕೆಗೆ ಅಡ್ಡಿ, ಊಟಕ್ಕೆ ಒಂದು ಗಂಟೆ ಹಿಂದೆ-ಮುಂದೆ ಇಟ್ಟುಕೊಳ್ಳಿ. ಕ್ಯಾಲ್ಸಿಯಂ ಮಾತ್ರೆಯೂ ಅಡ್ಡಿಯೇ, ಅದು ಬೇರೆ ಹೊತ್ತಿಗೆ.

ಆರು ತಿಂಗಳು ತುಂಬಿದ ಮಗುವಿಗೆ ಚೆನ್ನಾಗಿ ಬೇಯಿಸಿ ನುಣ್ಣಗೆ ಅರೆದ ಕೈಮಾ ಒಂದೆರಡು ಚಮಚ ಕೊಡಬಹುದು. ಉಪ್ಪು, ಖಾರ ಬೇಡ. ಹಲ್ಲಿಲ್ಲದ ಅಜ್ಜ-ಅಜ್ಜಿಗೂ ಕೈಮಾ ಉಂಡೆಯೇ ಸರಿ. ರಸ ಮಾತ್ರ ಬಡಿಸಿದರೆ ಪ್ರೋಟೀನ್ ಸಾಕಷ್ಟು ಸಿಕ್ಕುವುದಿಲ್ಲ.

ಎಷ್ಟಕ್ಕೆ ನಿಲ್ಲಿಸಬೇಕು?

ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯ ಸಲಹೆ: ಬೇಯಿಸಿದ ಕೆಂಪು ಮಾಂಸ ವಾರಕ್ಕೆ 350ರಿಂದ 500 ಗ್ರಾಂ ಮೀರಬಾರದು. 2015ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸಾಸೇಜ್, ಸಲಾಮಿಯಂಥ ಸಂಸ್ಕರಿತ ಮಾಂಸವನ್ನು ಕ್ಯಾನ್ಸರ್‌ಕಾರಕ ಎಂದೂ ಕೆಂಪು ಮಾಂಸವನ್ನು ಬಹುಶಃ ಕ್ಯಾನ್ಸರ್‌ಕಾರಕ ಎಂದೂ ವರ್ಗೀಕರಿಸಿತು. ಕೆಂಡದ ಮೇಲೆ ಕರಕಲಾದ ಭಾಗವನ್ನು ಕತ್ತರಿಸಿ ಎಸೆಯಿರಿ.

ಗರ್ಭಿಣಿಯರಿಗೆ ಲಿವರ್ ಬೇಡ, ಅದರಲ್ಲಿರುವ ವಿಟಮಿನ್ ಎ ಅತಿಯಾಗುತ್ತದೆ. ಗೌಟ್ (ಯೂರಿಕ್ ಆಮ್ಲ ಹೆಚ್ಚಾಗಿ ಬರುವ ಕೀಲುನೋವು) ಇರುವವರೂ ಲಿವರ್ ಬಿಡಬೇಕು. ಮೂತ್ರಪಿಂಡದ ತೊಂದರೆ, ಥಲಸ್ಸೇಮಿಯಾ (ಮೈಯಲ್ಲಿ ಕಬ್ಬಿಣ ಅತಿಯಾಗಬಹುದಾದ ಆನುವಂಶಿಕ ರಕ್ತದ ಕಾಯಿಲೆ) ಇದ್ದವರು ವೈದ್ಯರನ್ನು ಕೇಳಿಯೇ ತಿನ್ನಲಿ. ಬಹುಕಾಲದಿಂದ ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಅಸಿಡಿಟಿ ಮಾತ್ರೆ ನುಂಗುತ್ತಿರುವವರಿಗೆ ಮಟನ್ ತಿಂದರೂ ಬಿ12 ಸರಿಯಾಗಿ ಹೀರಿಕೆಯಾಗದಿರಬಹುದು. ಪಾದ ಜೋಮು ಹಿಡಿಯುವುದು, ಮರೆವು ಹೆಚ್ಚುವುದು ಕಂಡರೆ ಇನ್ನೊಂದು ಕೆ.ಜಿ. ತರಿಸುವ ಬದಲು ರಕ್ತದಲ್ಲಿ ಬಿ12 ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿ.