ಚಿಪ್ಪಿನ ಮೇಲೆ ಕಲ್ಲು ಕೂರಿಸಲು ಕಲಿತ ದಿನಗಳು

ಮೊದಲ ಎರಡು ವರ್ಷದಲ್ಲಿ ನಾನು ಚಿಪ್ಪಿನ ಮೇಲೆ ಕಲ್ಲಿನ ಚೂರು ಕೂರಿಸಿ ಮಾಡಿದ ಕೊರಳ ಪದಕಗಳಲ್ಲಿ ಒಂದೂ ಇವತ್ತು ಇಡಿಯಾಗಿ ಉಳಿದಿಲ್ಲ. ಕೆಲವದರ ಕಲ್ಲು ಉದುರಿದೆ, ಕೆಲವದರ ಚಿಪ್ಪೇ ಸೀಳಿದೆ. ಎಲ್ಲವನ್ನೂ ಒಂದು ಡಬ್ಬಿಯಲ್ಲಿ ಎತ್ತಿಟ್ಟಿದ್ದೇನೆ. ಈ ಕೆಲಸ ಕಲಿಯಬೇಕು ಅಂತ ಯಾರಾದರೂ ಬಂದರೆ ಮೊದಲು ಆ ಡಬ್ಬಿ ತೋರಿಸುತ್ತೇನೆ.

ನಾನು ಉಡುಪಿ ಕಡೆಯವಳು. ಗಂಡನ ಕೆಲಸಕ್ಕೆ ಅಂತ ಅಮೆರಿಕದ ನ್ಯೂ ಮೆಕ್ಸಿಕೊಗೆ, ಅಲ್ಬುಕರ್ಕಿ ಊರಿಗೆ ಬಂದೆವು. ನನ್ನದು ಎಚ್4 ವೀಸಾ, ಅಂದರೆ ಕೆಲಸಕ್ಕೆ ಬಂದವರ ಸಂಗಾತಿಗೆ ಕೊಡುವ ವೀಸಾ, ಅನುಮತಿ ಸಿಗುವವರೆಗೆ ದುಡಿಯುವ ಹಾಗಿಲ್ಲ. ಒಂದು ಶನಿವಾರ ಸಾಂಟಾ ಫೆಗೆ ಹೋದಾಗ ಅಲ್ಲಿನ ಹಳೆಯ ಅರಮನೆ, ಪ್ಯಾಲೇಸ್ ಆಫ್ ದ ಗವರ್ನರ್ಸ್, ಅದರ ಜಗಲಿಯಲ್ಲಿ ಮೂಲನಿವಾಸಿ ಕುಶಲಕರ್ಮಿಗಳು ನೆಲಕ್ಕೆ ಬಟ್ಟೆ ಹಾಸಿ ತಾವೇ ಮಾಡಿದ ಒಡವೆ ಮಾರುತ್ತಾ ಕೂತಿದ್ದರು. ಕೇವಾ ಪ್ವೆಬ್ಲೊದ (ಪ್ವೆಬ್ಲೊ ಅಂದರೆ ಇಲ್ಲಿನ ಮೂಲನಿವಾಸಿಗಳ ಊರು; ಇದನ್ನು ಮೊದಲು ಸಾಂಟೊ ಡೊಮಿಂಗೊ ಅನ್ನುತ್ತಿದ್ದರು) ಒಬ್ಬ ಹಿರಿಯ ಹೆಂಗಸಿನ ಮುಂದೆ ಒಂದು ಚಿಪ್ಪು ಇತ್ತು. ಅದರ ಬೆನ್ನ ಮೇಲೆ ನೀಲಿ ಟರ್ಕಾಯ್ಸ್ ಕಲ್ಲು, ಜೆಟ್ ಅನ್ನುವ ಕಪ್ಪು ಕಲ್ಲು, ಕಿತ್ತಳೆ ಬಣ್ಣದ ಚಿಪ್ಪಿನ ಚೂರುಗಳು ಸಾಲುಸಾಲಾಗಿ ಕೂತಿದ್ದವು. ಕೈಗೆ ಕೊಟ್ಟು, "ಉಗುರು ಎಳೆದು ನೋಡು" ಅಂದರು. ಎಳೆದೆ. ಎಲ್ಲೂ ತಡೆಯಲಿಲ್ಲ. ಅಷ್ಟು ಚೂರುಗಳಲ್ಲಿ ಒಂದು ಸಂದಿಯೂ ಉಗುರಿಗೆ ಸಿಗಲಿಲ್ಲ!

ಮರುವಾಯಿ (ಕಪ್ಪೆಚಿಪ್ಪು) ಸುಕ್ಕ ತಿಂದು ಚಿಪ್ಪು ಅಂಗಳಕ್ಕೆ ಎಸೆದು ಬೆಳೆದವಳು ನಾನು. ಊರಲ್ಲಿ ಚಿಪ್ಪು ಅಂದರೆ ಸುಣ್ಣ ಸುಡುವುದಕ್ಕೆ, ಅಷ್ಟೇ. ಆ ರಾತ್ರಿ ನಿದ್ದೆ ಬರಲಿಲ್ಲ.

ಹತ್ತಿರದಲ್ಲಿ ಕಲ್ಲು ಕತ್ತರಿಸುವುದನ್ನು ಕಲಿಸುವ ಸಂಜೆ ಕ್ಲಾಸಿಗೆ ಸೇರಿದೆ. ವಜ್ರದ ಪುಡಿ ಇರುವ ಗರಗಸದಲ್ಲಿ ಎರಡು ಮಿಲಿಮೀಟರ್ ದಪ್ಪದ ಬಿಲ್ಲೆ ಕೊಯ್ಯುವುದು ಬೇಗ ಬಂತು. ಕೂರಿಸುವುದು ಬರಲಿಲ್ಲ. ನೆಲಕ್ಕೆ ಟೈಲ್ಸ್ ಹಾಕಿದ ಹಾಗೆ ಚೌಕ ಚೌಕ ಕತ್ತರಿಸಿ ಅಂಟಿಸುತ್ತಿದ್ದೆ. ಆದರೆ ಚಿಪ್ಪಿನ ಬೆನ್ನು ಉಬ್ಬು ಅಲ್ವಾ? ಕೆಳಗಡೆ ಅಂಚಿಗೆ ಅಂಚು ತಾಗುತ್ತದೆ, ಮೇಲ್ಗಡೆ ಸಂದಿ ಬಾಯಿ ಬಿಡುತ್ತದೆ. ನಾನು ಆ ಬಾಯಿಗೆ ಎಪಾಕ್ಸಿ ಅನ್ನುವ ಗಟ್ಟಿ ಅಂಟು ತುಂಬಿ ಮುಚ್ಚುತ್ತಿದ್ದೆ. ದೂರದಿಂದ ಚೆನ್ನಾಗಿಯೇ ಕಾಣುತ್ತಿತ್ತು. ಉಗುರು ಎಳೆದರೆ ಕಟಕಟ.

ಇದು ಅರ್ಥವಾಗಲು ಎಂಟು ತಿಂಗಳು ಬೇಕಾಯಿತು. ಕಮಾನಿನ ಕಲ್ಲಿನ ಹಾಗೆ ಪ್ರತಿ ಚೂರೂ ಮೇಲೆ ಅಗಲ, ಕೆಳಗೆ ಒಂದು ಎಳೆ ಕಿರಿದು ಇರಬೇಕು. ಅಂಚನ್ನು ಸ್ವಲ್ಪ ಒಳಕ್ಕೆ ಓರೆಯಾಗಿ ಉಜ್ಜಬೇಕು, ಪಕ್ಕದ ಚೂರಿಗೆ ಹಿಡಿದು ಬೆಳಕಿಗೆ ನೋಡಬೇಕು, ನಡುವೆ ಬೆಳಕು ತೂರಿದರೆ ಮತ್ತೆ ಎರಡು ಸಲ ಉಜ್ಜಬೇಕು, ಮೂರು ಸಲ ಉಜ್ಜಿದರೆ ಆ ಚೂರು ಹಾಳು. ಅಕ್ಕಿಕಾಳಿನಷ್ಟು ಚೂರಿಗೆ ಒಮ್ಮೊಮ್ಮೆ ಇಪ್ಪತ್ತು ನಿಮಿಷ ಹೋಗುತ್ತದೆ. ಅಂಟು ಸುಮ್ನೆ ಹಿಡಿದುಕೊಳ್ಳಲಿಕ್ಕೆ, ಸಂದಿ ತುಂಬಲಿಕ್ಕೆ ಅಲ್ಲ.

ಆಮೇಲೆ ಉದುರುವ ಕಾಟ. ಪಾಲಿಶ್ ಮಾಡುವಾಗ ಬಿಸಿಯಾಗಿ ಎಪಾಕ್ಸಿ ಮೆತ್ತಗಾಗಿ ಇಡೀ ಸಾಲು ಜಾರಿ ಹೋಗಿದ್ದಿದೆ. ಈಗ ಚಿಪ್ಪಿನ ಮೈಯನ್ನೂ ಕಲ್ಲಿನ ತಳವನ್ನೂ 120 ನಂಬರ್ ಉಜ್ಜುಕಾಗದದಲ್ಲಿ ಒರಟು ಮಾಡಿ, ಸ್ಪಿರಿಟ್‌ನಲ್ಲಿ ಒರೆಸಿ, ನಿಧಾನಕ್ಕೆ ಗಟ್ಟಿಯಾಗುವ ಎಪಾಕ್ಸಿಯನ್ನೇ ಹಾಕಿ ರಾತ್ರಿಯಿಡೀ ಬಿಡುತ್ತೇನೆ. ಐದು ನಿಮಿಷದ ಅಂಟು ಮುಟ್ಟುವುದೇ ಇಲ್ಲ.

ಜೆಟ್ ಕಲ್ಲಿದ್ದಲಿನ ಜಾತಿ, ಮೆದು. ಚಿಪ್ಪೂ ಮೆದುವೇ. ಕಲ್ಲಿನ ಗಡಸುತನ ಹೇಳುವ ಮೋಸ್ ಅಳತೆಯಲ್ಲಿ ಟರ್ಕಾಯ್ಸ್ 5ರಿಂದ 6, ಚಿಪ್ಪು ಮೂರು ಮೂರೂವರೆ. ಒಟ್ಟಿಗೆ ಉಜ್ಜಿದರೆ ಮೆದು ತಗ್ಗುತ್ತದೆ, ಗಟ್ಟಿ ಎದ್ದು ನಿಲ್ಲುತ್ತದೆ. ಅದಕ್ಕೇ ಮೆತ್ತನೆ ಪ್ಯಾಡ್ ಬೇಡ. ಗಟ್ಟಿ ಹಲಗೆಗೆ ಕಾಗದ ಸುತ್ತಿ, ನೀರು ಹಾಕಿಕೊಂಡು, ಕೈಯಲ್ಲೇ ಹಗುರಕ್ಕೆ ಉಜ್ಜಬೇಕು. ನೀರು ಇನ್ನೊಂದು ಕಾರಣಕ್ಕೂ ಬೇಕು, ದಯವಿಟ್ಟು ಇದನ್ನು ಹಗುರವಾಗಿ ತಗೋಬೇಡಿ: ಚಿಪ್ಪಿನ ಧೂಳು, ಕಲ್ಲಿನ ಧೂಳು ಎರಡೂ ಶ್ವಾಸಕೋಶಕ್ಕೆ ಕೆಟ್ಟದ್ದು. ಮೊದಲ ಚಳಿಗಾಲ ನಾನು ಮುಖಕ್ಕೆ ಬರೀ ಕರ್ಚೀಫ್ ಕಟ್ಟಿಕೊಂಡು ಒಣಗಿದ್ದನ್ನೇ ಉಜ್ಜಿ ಒಂದು ತಿಂಗಳು ಕೆಮ್ಮಿದೆ. ಈಗ ಸರಿಯಾದ ಫಿಲ್ಟರ್ ಮಾಸ್ಕ್ ಇಲ್ಲದೆ ಮಷೀನ್ ಆನ್ ಮಾಡುವುದಿಲ್ಲ.

ಈ ಕಸುಬು ಎಷ್ಟು ಹಳೆಯದು ಅಂತ ಓದುತ್ತಾ ಹೋದ ಹಾಗೆ ಗೌರವ ಜಾಸ್ತಿಯಾಯಿತು. ಅರಿಜೋನಾ ಕಡೆಯ ಹೊಹೊಕಮ್ ಜನ ನೂರಾರು ವರ್ಷಗಳ ಹಿಂದೆಯೇ ಕ್ಯಾಲಿಫೋರ್ನಿಯಾ ಕೊಲ್ಲಿಯ ಚಿಪ್ಪು ತರಿಸಿ ಅದರ ಮೇಲೆ ಕಲ್ಲು ಕೂರಿಸುತ್ತಿದ್ದರು. ಆಗ ಅಂಟು ಅಂದರೆ ಮರದ ರಾಳ, ಇಲ್ಲವೇ ಮರುಭೂಮಿಯ ಒಂದು ಪೊದೆಯ ಮೇಲೆ ಹುಳ ಕಟ್ಟುವ ಅರಗು. ಅರಗು! ನಮ್ಮೂರಿನ ಅಕ್ಕಸಾಲಿಗರು ಟೊಳ್ಳು ಒಡವೆಗೆ ತುಂಬುವುದೂ ಅರಗನ್ನೇ. 1930ರ ದಶಕದ ಕಷ್ಟಕಾಲದಲ್ಲಿ ಕೇವಾ ಜನ ಜೆಟ್ ಬದಲು ಹಳೆ ಬ್ಯಾಟರಿ ಪೆಟ್ಟಿಗೆಯ ಕಪ್ಪು ರಬ್ಬರ್, ಗ್ರಾಮಫೋನ್ ರೆಕಾರ್ಡಿನ ಚೂರು, ಬಿಳಿಗೆ ಜಿಪ್ಸಮ್ ಹಾಕಿ ಕೆಲಸ ಮುಂದುವರಿಸಿದರು. 1970ರ ದಶಕದಲ್ಲಿ ಅದೇ ಊರಿನ ಆ್ಯಂಜಿ ರಿಯಾನೊ ಓವೆನ್ ಅವರು ಆ ಪುರಾತನ ಚಿಪ್ಪುಗಳನ್ನು ನೋಡಿ ಹಳೇ ರೀತಿಗೆ ಹೊಸ ಜೀವ ಕೊಟ್ಟರು.

ಕೆಲಸದ ಅನುಮತಿ ಸಿಕ್ಕಿದ ಮೇಲೆ ಒಂದು ಚಿಕ್ಕ ಸಂತೆಯಲ್ಲಿ ಮೇಜು ಹಾಕಿ, "ಇಂಡಿಯನ್ ಕೈಕೆಲಸದ ಒಡವೆ" ಅಂತ ಇಂಗ್ಲಿಷಿನಲ್ಲಿ ಬೋರ್ಡ್ ಬರೆದಿಟ್ಟೆ. ನಾನು ಇಂಡಿಯಾದವಳು, ತಪ್ಪೇನು ಅನ್ನಿಸಿತ್ತು. ಮೊದಲು ಬಂದ ಹೆಂಗಸು ಚಿಪ್ಪನ್ನು ಕೈಗೆತ್ತಿಕೊಂಡು, "ನೀವು ಯಾವ ಪ್ವೆಬ್ಲೊದವರು?" ಅಂದರು. ನನ್ನ ಮುಖ ಬಿಸಿಯಾಯಿತು. ಇಲ್ಲಿ 'ಇಂಡಿಯನ್' ಅಂದರೆ ಮೂಲನಿವಾಸಿಗಳು ಅಂತಲೂ ಅರ್ಥ, ಆ ಮಾತಿಗೆ ಬೇರೆಯೇ ತೂಕ. ಮೂಲನಿವಾಸಿಗಳದ್ದಲ್ಲದ್ದನ್ನು ಅವರದ್ದು ಅಂತ ನಂಬಿಸಿ ಮಾರುವುದು 1990ರ ಕಾಯ್ದೆ ಪ್ರಕಾರ ಅಪರಾಧ. ಕಾನೂನಿಗಿಂತ ನನಗೆ ನೆನಪಾದದ್ದು ಜಗಲಿಯಲ್ಲಿ ಕೂತಿದ್ದ ಆ ಅಮ್ಮ. ಬೋರ್ಡ್ ಆಗಲೇ ತೆಗೆದೆ. ಮನೆಗೆ ಬಂದು ಅವರ ವಿನ್ಯಾಸ ನೋಡಿ ಮಾಡಿದ್ದೆಲ್ಲವನ್ನೂ ಡಬ್ಬಿಗೆ ಹಾಕಿದೆ.

ಅಲ್ಲಿಂದ ನನ್ನದೇ ಅಂತ ಏನು ಮಾಡಬಹುದು ಅಂತ ಹುಡುಕಾಟ. ಅಮ್ಮನಿಗೆ ಫೋನ್ ಮಾಡಿ ಚಿಪ್ಪು ಕಳಿಸು ಅಂದರೆ, "ಎಂತ ಮಾರಾಯ್ತಿ, ಸುಣ್ಣದ ಗೂಡಿಗೆ ಹೋಗುವ ಚಿಪ್ಪಿಗೆ ಅಮೆರಿಕಕ್ಕೆ ಪಾರ್ಸೆಲ್ಲಾ?" ಅಂದಳು. ಕಳಿಸಿದಳು ಕೂಡ. ಮರುವಾಯಿ ಚಿಪ್ಪು ತೆಳು, ಉಜ್ಜಿದರೆ ತೂತಾಗುತ್ತದೆ, ಹತ್ತರಲ್ಲಿ ಏಳು ಒಡೆದವು. ಈಗ ಹಿಂಬದಿಗೆ ಎಪಾಕ್ಸಿ ತುಂಬಿ ಗಟ್ಟಿ ಮಾಡಿಕೊಂಡೇ ಶುರು ಮಾಡುತ್ತೇನೆ. ಜೆಟ್ ಜಾಗಕ್ಕೆ ತೆಂಗಿನ ಗೆರಟೆ ಹಾಕಿ ನೋಡುತ್ತಿದ್ದೇನೆ. ಚಿಪ್ಪಿನ ಜೊತೆ ಚೆನ್ನಾಗಿಯೇ ತಗ್ಗುತ್ತದೆ, ಹೊಳಪೂ ಬರುತ್ತದೆ. ನೀರು ಕುಡಿದು ಅಂಚು ಸ್ವಲ್ಪ ಉಬ್ಬುತ್ತದೆ, ಹಾಗಾಗಿ ಗೆರಟೆ ಸಾಲನ್ನು ಈಗ ಕೊನೆಗೆ, ಒಂದು ಹನಿ ಎಣ್ಣೆ ಹಚ್ಚಿ ಉಜ್ಜುತ್ತಿದ್ದೇನೆ.