ಪುಟ್ಟ ಜಾಲತಾಣಕ್ಕೆ ಜಾತ್ರೆಯ ಜನ ಬಂದಾಗ

ವಿಜಯಪುರದ ಹಳೆಯ ಬಾವಡಿಗಳ (ದೊಡ್ಡ ಬಾವಿಗಳ) ಬಗ್ಗೆ ಹವ್ಯಾಸಕ್ಕೆಂದು ನಾನು ನಡೆಸುವ ಜಾಲತಾಣಕ್ಕೆ ದಿನಕ್ಕೆ ಮೂವತ್ತು ಮಂದಿ ಬಂದರೆ ಹೆಚ್ಚು. ಸಂಕ್ರಾಂತಿಯಲ್ಲಿ ಸಿದ್ಧೇಶ್ವರ ಜಾತ್ರೆಗೆ ಬಂದವರಾರೋ ತಾಜ್ ಬಾವಡಿಯ ಪುಟದ ಕೊಂಡಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚಿದ ಸಂಜೆ ಮಾತ್ರ ತಾಣ ತೆರೆಯಲೇ ಇಲ್ಲ. ಪರದೆಯ ಮೇಲೆ 503 ಎಂಬ ಸಂಖ್ಯೆಯಷ್ಟೇ ಕಾಣುತ್ತಿತ್ತು. ತಾಣವಿರುವ ಕಂಪ್ಯೂಟರ್‌ಗೆ, ಅಂದರೆ ಸರ್ವರ್‌ಗೆ, ಸದ್ಯ ಬಿಡುವಿಲ್ಲ ಎಂಬುದು ಸಾಮಾನ್ಯವಾಗಿ ಅದರ ಅರ್ಥ.

ಇಂಥ ಹೊತ್ತಿನಲ್ಲಿ ದೊಡ್ಡ ಸರ್ವರ್ ಕೊಳ್ಳುವ ಮೊದಲು ಬಂದ ಕೋರಿಕೆಗಳನ್ನೆಲ್ಲ ಸರ್ವರ್ ಬರೆದಿಡುವ ಲಾಗ್ ಕಡತವನ್ನು ನೋಡಬೇಕು. ಒಂದೇ ಐಪಿ ವಿಳಾಸದಿಂದ (ಅಂತರ್ಜಾಲದಲ್ಲಿ ಗುರುತಿಗಿರುವ ಸಂಖ್ಯೆಯಿಂದ) ಕೋರಿಕೆಗಳು ಎಡೆಬಿಡದೆ ಬರುತ್ತಿದ್ದರೆ ಅದು ಬಾಟ್, ಅಂದರೆ ತಾನಾಗಿ ಓಡುವ ತಂತ್ರಾಂಶ, ಇರಬಹುದು. ಆದರೆ ಮೊಬೈಲ್ ಜಾಲದಲ್ಲಿ ಅನೇಕ ಗ್ರಾಹಕರು ಒಂದೇ ವಿಳಾಸವನ್ನು ಹಂಚಿಕೊಳ್ಳುವುದುಂಟು, ಆದ್ದರಿಂದ ಅವಸರದಲ್ಲಿ ತಡೆ ಹಾಕಬಾರದು.

ನನ್ನಲ್ಲಿಗೆ ಬಂದವರು ನಿಜವಾದ ಓದುಗರೇ. ತಪ್ಪು ನನ್ನ ಚಿತ್ರಗಳದಾಗಿತ್ತು. ಫೋನಿನಲ್ಲಿ ತೆಗೆದ, ತಲಾ 5 ಎಂಬಿಯ 20 ಚಿತ್ರಗಳನ್ನು ಹಾಗೆಯೇ ಏರಿಸಿದ್ದೆ. ಪುಟಕ್ಕೆ 100 ಎಂಬಿಯಾದರೆ ಸಾವಿರ ಓದುಗರಿಗೆ 100 ಜಿಬಿ! ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿ ವೆಬ್‌ಪಿ ಎಂಬ ಹಗುರ ಚಿತ್ರರೂಪಕ್ಕೆ ಬದಲಿಸಿದ ಮೇಲೆ ಒಂದೊಂದೂ 200 ಕೆಬಿಯ ಆಸುಪಾಸಿಗೆ ಬಂತು. ಬಾವಡಿಯ ದೊಡ್ಡ ಕಮಾನಿನ ಅಂದವೇನೂ ಅದರಿಂದ ಕುಂದಲಿಲ್ಲ.

ಮುಂದಿನ ಹೆಜ್ಜೆ ಕ್ಯಾಶ್, ಅಂದರೆ ಸಿದ್ಧ ಪುಟದ ಸಂಗ್ರಹ. ತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್ ತಾನಾಗಿ ಪ್ರತಿ ಓದುಗರಿಗೂ ಡೇಟಾಬೇಸ್‌ನಿಂದ ಮಾಹಿತಿ ತೆಗೆದು ಪುಟವನ್ನು ಹೊಸದಾಗಿ ಕಟ್ಟುತ್ತದೆ. ಖಾನಾವಳಿಯಲ್ಲಿ ಕುಳಿತವರಿಗೆಲ್ಲ ಆಗಿಂದಾಗ ಬಿಸಿ ರೊಟ್ಟಿ ಬಡಿದು ಕೊಟ್ಟಂತೆ. ಜಾತ್ರೆಯ ದಿನ ಅದು ಸಾಗದು, ಮೊದಲೇ ಬಡಿದಿಟ್ಟ ಕಡಕ್ ರೊಟ್ಟಿಯೇ ಬೇಕು. ಕ್ಯಾಶ್ ಪ್ಲಗಿನ್ (ಅದಕ್ಕೆ ಜೋಡಿಸುವ ಕಿರು ತಂತ್ರಾಂಶ) ಹಾಕಿದರೆ ಒಮ್ಮೆ ಕಟ್ಟಿದ ಪುಟವನ್ನೇ ಎಲ್ಲರಿಗೂ ಬಡಿಸಬಹುದು.

ಇನ್ನೂ ಭಾರ ಇಳಿಯಬೇಕಾದರೆ ಕ್ಲೌಡ್‌ಫ್ಲೇರ್‌ನಂಥ ಸಿಡಿಎನ್ ಸೇವೆಯನ್ನು, ಅಂದರೆ ತಾಣದ ಪ್ರತಿಗಳನ್ನು ಹಲವೆಡೆಯ ಸರ್ವರ್‌ಗಳಿಂದ ಹಂಚುವ ಸೇವೆಯನ್ನು, ತಾಣದ ಮುಂದೆ ನಿಲ್ಲಿಸಿಕೊಳ್ಳಬಹುದು. ಹವ್ಯಾಸದ ತಾಣಕ್ಕೆ ಅದರ ಉಚಿತ ಯೋಜನೆಯೇ ಸಾಕು. ಅದು ಚಿತ್ರಗಳನ್ನು ತಾನಾಗಿ ಸಂಗ್ರಹಿಸಿಡುತ್ತದೆಯಾದರೂ ಬರಹವಿರುವ ಎಚ್‌ಟಿಎಂಎಲ್ ಪುಟಗಳನ್ನು ಇಡುವುದಿಲ್ಲ, ಅದಕ್ಕೆ ನಾವೇ ನಿಯಮ ಬರೆಯಬೇಕು. ಬರೆಯುವಾಗ ಲಾಗಿನ್ ಪುಟಗಳನ್ನು ಮರೆಯದೆ ಹೊರಗಿಡಬೇಕು. ಈ ಸೇವೆಗಾಗಿ ಮಾಡುವ ನೇಮ್‌ಸರ್ವರ್ (ತಾಣದ ಹೆಸರು ಎಲ್ಲಿಗೆ ಹೋಗಬೇಕೆಂದು ಹೇಳುವ ಸರ್ವರ್) ಬದಲಾವಣೆ ಎಲ್ಲೆಡೆ ಜಾರಿಯಾಗಲು ಒಂದು ದಿನ ಹಿಡಿಯಬಹುದಾದ್ದರಿಂದ ಈ ಕೆಲಸವನ್ನು ಗದ್ದಲವಿಲ್ಲದಾಗಲೇ ಮುಗಿಸಿಡುವುದು ಲೇಸು.

ತಾಣ ಈಗಾಗಲೇ ಕುಸಿದಿದ್ದರೆ, ಜನ ಹುಡುಕುತ್ತಿರುವ ವಿಳಾಸದಲ್ಲಿ ಬರಹ ಮತ್ತು ಒಂದೇ ಚಿತ್ರವಿರುವ ಸರಳ ಎಚ್‌ಟಿಎಂಎಲ್ ಕಡತವನ್ನು ಇಟ್ಟುಬಿಡಬೇಕು. ಆ ಸಂಜೆ ನಾನೂ ಇದನ್ನೇ ಮಾಡಿದೆ; ಹತ್ತೊಂಬತ್ತು ಚಿತ್ರ ತೆಗೆದುಹಾಕಿದ ಪುಟ ರಾತ್ರಿ ಊಟದ ಹೊತ್ತಿಗೆ ತೆರೆದುಕೊಂಡಿತು.